ಐದಿಂಚಿನ ಇಲಿ, ಮೂರಡಿ ರಕ್ಕಸ: ತೊಗಲು ಗೊಂಬೆಯಲ್ಲಿ ನನ್ನ ಅನುಭವ

ರಕ್ಕಸ ಹೊತ್ತೊಯ್ದ ಮಗುವನ್ನು ಇಲಿ, ಅಳಿಲು, ಕಪ್ಪೆ, ಗುಬ್ಬಿ ಸೇರಿ ಬಿಡಿಸಿಕೊಂಡು ಬರುವ ಆಟ, ಸುಮಾರು ಮೂವತ್ತೈದು ನಿಮಿಷದ್ದು. ಇದನ್ನು ತೊಗಲು ಗೊಂಬೆಯಲ್ಲಿ, ಅಂದರೆ ದೀಪದ ಮುಂದೆ ತೊಗಲಿನ ಗೊಂಬೆ ಆಡಿಸಿ ಪರದೆ ಮೇಲೆ ನೆರಳು ಬೀಳಿಸುವ ಆಟದಲ್ಲಿ, ಮಾಡುತ್ತೇನೆ ಅಂದಾಗ ಜೊತೆಯವರೆಲ್ಲ ಒಂದೇ ಮಾತು ಹೇಳಿದರು: "ಐದಿಂಚಿನ ಇಲಿ ಹಿಂದಿನ ಸಾಲಿಗೆ ಕಾಣೋದಿಲ್ಲ, ಒಂದೂವರೆ ಅಡಿ ಮಾಡಿ." ಈಗ ಹನ್ನೆರಡೋ ಹದಿಮೂರೋ ಪ್ರದರ್ಶನ ಆಗಿವೆ. ಮೂವತ್ತು ಅಡಿ ಹಿಂದೆ ಕೂತ ಮಕ್ಕಳು ಇಲಿಯ ಬಾಲ ಯಾವ ಕಡೆ ತಿರುಗಿತು ಅಂತ ಕೂಗಿ ಹೇಳುತ್ತಾರೆ. ಇಲಿ ಐದಿಂಚೇ ಇದೆ.

ಮೊದಲು ಅವರ ಮಾತು ಕೇಳಿ ದೊಡ್ಡ ಇಲಿಯನ್ನೇ ಮಾಡಿದ್ದೆ. ಮಗುವಿನ ಪಕ್ಕ ನಿಲ್ಲಿಸಿದರೆ ಇಬ್ಬರೂ ಒಂದೇ ಎತ್ತರ. ಅಷ್ಟು ದೊಡ್ಡ ಇಲಿ ರಕ್ಕಸನಿಗೆ ಯಾಕೆ ಹೆದರಬೇಕು, ಬಿಲದಲ್ಲಿ ಹೇಗೆ ನುಗ್ಗಬೇಕು? ಕಥೆಯೇ ಸತ್ತುಹೋಯಿತು. ನಮ್ಮ ಕರ್ನಾಟಕದ ತೊಗಲು ಗೊಂಬೆಯಲ್ಲಿ ಅಂತಸ್ತಿಗೆ ತಕ್ಕ ಅಳತೆ ಅನ್ನುವುದು ಹಳೆಯ ಕ್ರಮ: ರಾಜ, ದೇವರು ದೊಡ್ಡವರು, ಆಳುಕಾಳು, ಸಾಮಾನ್ಯರು ಚಿಕ್ಕವರು. ನಾನು ಅದನ್ನೇ ಗಟ್ಟಿಯಾಗಿ ಹಿಡಿದೆ. ಕೊನೆಗೆ ನಿಂತ ಅಳತೆ: ರಕ್ಕಸ 3 ಅಡಿ, ಮಗು 14 ಇಂಚು, ಅಳಿಲು 6, ಇಲಿ ಬಾಲ ಬಿಟ್ಟು 5, ಕಪ್ಪೆ 4, ಗುಬ್ಬಿ ಮೂರೂವರೆ. ಪರದೆ 6 ಅಡಿಗೆ 4 ಅಡಿ.

ಇಲಿ ಕಾಣದೆ ಹೋಗುವುದು ಅಳತೆಯಿಂದಲ್ಲ, ದೀಪದಿಂದ. ಹಾಲುಗಾಜಿನ ಬಲ್ಬು ಎರಡೂವರೆ ಇಂಚು ದಪ್ಪ. ಅದು ಪರದೆಯಿಂದ ಆರಡಿ ದೂರದಲ್ಲಿದ್ದು ಗೊಂಬೆ ನಡುಮಧ್ಯ ಬಂದರೆ ನೆರಳಿನ ಅಂಚು ಎರಡೂವರೆ ಇಂಚು ಕದಡುತ್ತದೆ. ಐದಿಂಚಿನ ಇಲಿಯಲ್ಲಿ ಮತ್ತೇನು ಉಳಿದೀತು? ಎಲ್‌ಇಡಿ ಬಲ್ಬು ಇನ್ನೂ ಮೋಸ. ಒಳಗೆ ಹತ್ತಾರು ಚುಕ್ಕಿ ದೀಪ ಇರುವುದರಿಂದ ಒಂದು ಬಾಲಕ್ಕೆ ಹತ್ತು ಬಾಲ ಬೀಳುತ್ತವೆ. ಮೂರು ಬಗೆ ತಂದು ಮೂರನ್ನೂ ಮನೆಗೆ ಹಾಕಿಕೊಂಡೆ.

ಕೆಲಸ ಮಾಡಿದ್ದು ಬೈಕಿನ ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬು: 12 ವೋಲ್ಟ್, 35 ವ್ಯಾಟ್. ಅದರ ತಂತಿಸುರುಳಿ ಹೆಚ್ಚೆಂದರೆ ಐದು ಮಿಲಿಮೀಟರ್. ಹೈ ಬೀಮ್ ತಂತಿಗೆ ಮಾತ್ರ ಕರೆಂಟ್ ಕೊಡಿ, ಲೋ ಬೀಮಿನ ಕೆಳಗೆ ತಗಡಿನ ಬಟ್ಟಲು ಅಡ್ಡ ಇರುತ್ತದೆ. ಬಲ್ಬಿನ ತುದಿಗೆ ಕಪ್ಪು ಬಳಿದಿದ್ದರೆ ಪರದೆಗೆ ಮುಖ ಮಾಡಿ ಇಡಬೇಡಿ, ಅಡ್ಡ ಮಲಗಿಸಿ. ಗಾಜನ್ನು ಬರಿಗೈಲಿ ಮುಟ್ಟಿದರೆ ಬೆರಳಿನ ಜಿಡ್ಡಿಗೆ ಬೇಗ ಸುಟ್ಟುಹೋಗುತ್ತದೆ. ಎಳೆಯುವುದು ಮೂರು ಆಂಪಿಯರ್ ಹತ್ತಿರ, ಯುಪಿಎಸ್‌ನ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಒಂದೂವರೆ ಗಂಟೆ ನಂಬಬಹುದು. ಹಳ್ಳಿಯಲ್ಲಿ ಕರೆಂಟ್ ಹೋದರೂ ಆಟ ನಿಲ್ಲಲಿಲ್ಲ. ಹರಳೆಣ್ಣೆ ದೀಪದ ಜೀವ ಇದಕ್ಕಿಲ್ಲ, ಒಪ್ಪುತ್ತೇನೆ. ಆದರೆ ಆ ನಡುಗುವ ಬೆಳಕಲ್ಲಿ ಮೂರೂವರೆ ಇಂಚಿನ ಗುಬ್ಬಿ ನಿಲ್ಲುವುದಿಲ್ಲ.

ಇನ್ನು ತೊಗಲು. ಹದ ಮಾಡುವುದು ನಿಮಗೆ ಗೊತ್ತೇ ಇದೆ. ನಾನು ಎಡವಿದ್ದು ಬೇರೆ ಕಡೆ: ಎಲ್ಲ ಗೊಂಬೆಗೂ ಎಣ್ಣೆ ಸವರಿ ಪಾರದರ್ಶಕ ಮಾಡಿದ್ದೆ. ರಕ್ಕಸ ದೀಪದ ಕಡೆ ಸರಿದಾಗ ಅವನ ನೆರಳು ಇಲಿಯನ್ನು ಮುಚ್ಚುತ್ತದೆ, ಎರಡೂ ಒಂದೇ ತರಹ ಇದ್ದರೆ ಇಲಿ ಮಾಯ. ಈಗ ರಕ್ಕಸ ಮಾತ್ರ ಎಣ್ಣೆ ಕುಡಿದ ಕೆಂಪು ತೊಗಲು, ಬೆಳಕು ಅವನ ಮೈಯೊಳಗಿಂದ ಹಾದು ಬರುತ್ತದೆ. ಪ್ರಾಣಿಗಳಿಗೆ ಎಣ್ಣೆಯಿಲ್ಲ, ಎರಡೂ ಮೈಗೆ ಕಪ್ಪು ಶಾಯಿ. ಹಾಗಾಗಿ ರಕ್ಕಸನ ಹೊಟ್ಟೆಯ ಕೆಂಪಿನೊಳಗೇ ಇಲಿ ಓಡುವುದು ಕಾಣುತ್ತದೆ. ಈ ಒಂದು ದೃಶ್ಯಕ್ಕಾಗಿಯೇ ಎರಡನೇ ಸಲ ನೋಡಲು ಬಂದವರಿದ್ದಾರೆ.

ಪ್ರಾಣಿಗಳಿಗೆ ಮರಿಮೇಕೆಯ ಹೊಟ್ಟೆಭಾಗದ ತೆಳು ತೊಗಲು, ರಕ್ಕಸನಿಗೆ ಬೆನ್ನಿನದು. ಉಳಿ ಕೆಲಸವನ್ನು ಕಡಿಮೆ ಮಾಡಿ. ದೊಡ್ಡ ಗೊಂಬೆಯ ಕಿರೀಟಕ್ಕೆ ಕೊರೆದ ಹಾಗೆ ಇಲಿಯ ಮೈಗೆ ಕೊರೆದರೆ ದೂರಕ್ಕೆ ಬೂದಿ ಬಣ್ಣದ ಮುದ್ದೆ. ಮೂವತ್ತು ಅಡಿಯಾಚೆ ಮೂರು ಮಿಲಿಮೀಟರಿಗಿಂತ ಸಣ್ಣ ತೂತಿಗೆ ಆಕಾರವೇ ಇರುವುದಿಲ್ಲ. ಇಲಿಗೆ ನಾಲ್ಕು ಮಿಲಿಮೀಟರಿನ ಒಂದು ಕಣ್ಣು, ಕಿವಿಯ ಬುಡದಲ್ಲಿ ಒಂದು ಗೀರು, ಅಷ್ಟೇ.

ಕೆಳಗಿನಿಂದ ಬಿದಿರುಕಡ್ಡಿ ಕಟ್ಟಿದರೆ ಕಡ್ಡಿಯ ನೆರಳು ಇಲಿಯ ಕಾಲಿಗಿಂತ ದಪ್ಪ. ಬಿಟ್ಟುಬಿಟ್ಟೆ. ಹಳೇ ಛತ್ರಿಯ ಕಡ್ಡಿ ತನ್ನಿ, ತುದಿಯಲ್ಲಿ ತೂತು ತಯಾರೇ ಇರುತ್ತದೆ. ಅದನ್ನು ಗೊಂಬೆಯ ಬೆನ್ನಿಗೆ ಹೊಲಿದು ದೀಪದ ಕಡೆಗೆ ನೇರ ಹಿಡಿದರೆ ಕಡ್ಡಿಯ ನೆರಳು ಮೈಯೊಳಗೇ ಅಡಗುತ್ತದೆ. ಕೈ ಮಾತ್ರ ಬೆಳಕಿಗೆ ಅಡ್ಡ ಬಾರದಂತೆ ಮೊಣಕೈಯನ್ನು ಕೆಳಗಿಟ್ಟು ಅಭ್ಯಾಸ ಮಾಡಬೇಕು. ನನಗೆ ಮೂರು ವಾರ ಹಿಡಿಯಿತು.

ಮೊದಲ ಇಲಿಗೆ ಆರು ಕೀಲು ಇಟ್ಟಿದ್ದೆ. ಈಗ ಇರುವುದು ಒಂದೇ, ಬಾಲದ ಬುಡದಲ್ಲಿ. ಕಪ್ಪೆಗೆ ಹಿಂಗಾಲು, ಗುಬ್ಬಿಗೆ ರೆಕ್ಕೆ. ಗುರುತು ಹಿಡಿಸುವುದು ಕೀಲಲ್ಲ, ನಡೆ. ಇಲಿ ಎರಡು ಓಟ ಓಡಿ ಗಕ್ಕನೆ ನಿಲ್ಲುತ್ತದೆ. ಗುಬ್ಬಿ ನಡೆಯುವುದಿಲ್ಲ, ಎರಡೂ ಕಾಲಲ್ಲಿ ಕುಪ್ಪಳಿಸುತ್ತದೆ. ಕಪ್ಪೆ ಸುಮ್ಮನೆ ಕೂತಿರುತ್ತದೆ, ಹಾರಿದರೆ ಒಂದೇ ನೆಗೆತ. ಎಲ್ಲಕ್ಕಿಂತ ಮುಖ್ಯ, ಇಲಿ ಅಲ್ಲಾಡುವಾಗ ಪರದೆ ಮೇಲೆ ಬೇರೆ ಯಾವುದೂ ಅಲ್ಲಾಡಬಾರದು. ಮದ್ದಳೆಯೂ ನಿಲ್ಲಬೇಕು. ನಮ್ಮ ಮದ್ದಳೆಯವರಿಗೆ ಇದು ಒಗ್ಗಲು ನಾಲ್ಕು ಆಟ ಬೇಕಾಯಿತು.

ಮಗುವನ್ನು ಹೊತ್ತೊಯ್ಯುವ ದೃಶ್ಯದಲ್ಲಿ ಮೊದಲು ರಕ್ಕಸ ತೊಟ್ಟಿಲಿಗೆ ಕೈ ಹಾಕುತ್ತಿದ್ದ. ಅಂಗನವಾಡಿ ಮಕ್ಕಳು ಅತ್ತು ಎದ್ದುಹೋದರು. ಈಗ ಜೋಗುಳ ನಡೆಯುತ್ತಿರುತ್ತದೆ, ದೀಪಕ್ಕೆ ಎರಡು ಸೆಕೆಂಡು ರಟ್ಟು ಅಡ್ಡ ಹಿಡಿಯುತ್ತೇವೆ, ಮತ್ತೆ ಬೆಳಕು ಬಂದಾಗ ಬರಿ ತೊಟ್ಟಿಲು ತೂಗುತ್ತಿರುತ್ತದೆ. ಒಂದೂವರೆ ನಿಮಿಷದೊಳಗೆ ಇಲಿ ಬಂದೇ ಬರಬೇಕು, ಅದಕ್ಕಿಂತ ತಡವಾದರೆ ಚಿಕ್ಕವರನ್ನು ಹಿಡಿದು ಕೂರಿಸಲಾಗದು. ಗವಿಯೊಳಗಿಂದ ಮಗು ಅದೇ ಜೋಗುಳ ಗುನುಗುತ್ತದೆ, ಪ್ರಾಣಿಗಳು ಆ ದನಿ ಹಿಡಿದು ದಾರಿ ಕಂಡುಕೊಳ್ಳುತ್ತವೆ. ಬಿಡಿಸಿದ ಮೇಲೆ ಯಾರೂ ಮಗುವನ್ನು ಹೊರುವುದಿಲ್ಲ. ಹೊರಲು ಆಗುವುದೂ ಇಲ್ಲ. ಮಗು ನಡೆಯುತ್ತದೆ, ಅವು ಮುಂದೆ ಮುಂದೆ ಹೋಗುತ್ತವೆ.

ಮಗುವನ್ನು ಕಟ್ಟಿದ ಹಗ್ಗವನ್ನು ಇಲಿ ಕಡಿಯುವ ದೃಶ್ಯಕ್ಕೆ ಮೊದಮೊದಲು ಪುಟ್ಟ ಅಯಸ್ಕಾಂತ ಇಟ್ಟೆ. ಕಡಿದ ಹಗ್ಗ ಹತ್ತಿರ ಬಂದ ಕೂಡಲೇ ಮತ್ತೆ ಅಂಟಿಕೊಂಡಿತು. ಈಗ ಮೂರು ಎಳೆ ಸುತಳಿ, ಪ್ರತಿ ಎಳೆಯ ತುದಿ ಚೌಕಟ್ಟಿನ ಹೊರಗೆ ಬೇರೆ ಬೇರೆ ಮೊಳೆಗೆ. ಇಲಿ ತಲೆಯಾಡಿಸಿದ ಹಾಗೆ ಸಹಾಯಕ ಒಂದೊಂದೇ ಬಿಡುತ್ತಾನೆ. ಹೊಲಿಗೆ ದಾರ ಬೇಡ, ಕಾಣುವುದಿಲ್ಲ. ಮೂರನೇ ಎಳೆ ಮಾತ್ರ ಹೀಗೆ ಬಿಡುವುದಲ್ಲ, ಅದು ಪಟ್ಟನೆ ಹರಿದು ಎರಡೂ ಕಡೆ ಚಿಮ್ಮುತ್ತದೆ. ಅದರ ಗುಟ್ಟು ನನ್ನ ಬಳಿಯೇ ಇರಲಿ, ಇನ್ನೂ ಎರಡು ವರ್ಷ ಆಡಬೇಕಿದೆ.

ನಡುವೆ ಇರುವೆ ಸಾಲಿನ ಹುಚ್ಚೂ ಹತ್ತಿತ್ತು. ಹಳೇ ಎಕ್ಸ್‌ರೇ ಹಾಳೆಯನ್ನು ಬ್ಲೀಚಿಂಗ್ ನೀರಲ್ಲಿ ತೊಳೆದರೆ ಕಪ್ಪು ಬಿಟ್ಟು ತಿಳಿಯಾಗುತ್ತದೆ. ಎರಡಿಂಚು ಅಗಲದ ಪಟ್ಟಿ ಕತ್ತರಿಸಿ, ನಾಲ್ಕಡಿ ಆಗುವಷ್ಟು ಜೋಡಿಸಿ, ಶಾಯಿಯಲ್ಲಿ ಇರುವೆ ಬರೆದು ಪರದೆಯ ಬುಡದಲ್ಲಿ ಎಳೆದೆ. ಇರುವೆ ಚೆನ್ನಾಗಿ ಹೋದವು. ಆದರೆ ಪಟ್ಟಿಯ ಜೋಡಣೆ ಬಂದಾಗಲೆಲ್ಲ ಒಂದು ಗೆರೆಯೂ ಹೋಗುತ್ತಿತ್ತು. ಅಲ್ಲೊಂದು ಹುಲ್ಲುಕಡ್ಡಿ ಬರೆದು, ಇರುವೆಗಳು ಅದನ್ನು ಹೊತ್ತ ಹಾಗೆ ಮಾಡಿದೆ. ಅದೇ ಹಾಳೆಯಲ್ಲಿ ಇಲಿ ಮಾಡಲು ಹೋಗಬೇಡಿ, ನಾಲ್ಕೈದು ಆಟಕ್ಕೆ ಕೀಲಿನ ತೂತು ಹರಿಯುತ್ತದೆ.

ಖರ್ಚು ನೆನಪಿದ್ದಷ್ಟು: ತೊಗಲು ಐದು, ಅದರಲ್ಲಿ ಎರಡು ಮಳೆಗಾಲದಲ್ಲಿ ಕೊಳೆತವು, ಎಲ್ಲ ಸೇರಿ ಏಳೆಂಟು ನೂರು. ಬ್ಯಾಟರಿ ಸಾವಿರದ ಆಸುಪಾಸು, ಪೈಪಿನ ಚೌಕಟ್ಟು ಒಂದೂವರೆ ಸಾವಿರ, ಪರದೆಗೆ ಪಂಚೆ ನಾನೂರು, ಬಲ್ಬು ನೂರೈವತ್ತರಂತೆ ನಾಲ್ಕು. ವ್ಯರ್ಥವಾದ ಎಲ್‌ಇಡಿ ಮತ್ತು ದೊಡ್ಡ ಇಲಿಯ ಕೂಲಿ ಸೇರಿದರೆ ಹತ್ತಿರ ಹತ್ತಿರ ಒಂಬತ್ತು ಸಾವಿರ. ಶಾಲೆಗಳು ಆಟಕ್ಕೆ ಐದು ಸಾವಿರ ಕೊಡುತ್ತವೆ. ಹಾಡುಗಾರ, ಮದ್ದಳೆ, ಸಹಾಯಕ, ವ್ಯಾನು ಕಳೆದರೆ ಕೈಯಲ್ಲಿ ಒಂದೂವರೆ ಸಾವಿರ ಉಳಿಯುತ್ತದೆ. ಮೊದಲ ಮೂರು ಆಟ ಕೈಯಿಂದಲೇ ಹಾಕಿದ್ದು.

ಆಟ ಮುಗಿದ ಮೇಲೆ ಪುಟ್ಟ ಗೊಂಬೆಗಳನ್ನು ರಕ್ಕಸನ ಜೊತೆ ಸುತ್ತಿಡಬೇಡಿ. ಎಣ್ಣೆ ತಾಗಿದರೆ ಶಾಯಿ ಬಿಡುತ್ತದೆ. ಬೇರೆ ತಗಡಿನ ಡಬ್ಬಿ, ಮಧ್ಯೆ ಮಧ್ಯೆ ನ್ಯೂಸ್‌ಪೇಪರು, ಒಣಗಿದ ಬೇವಿನ ಸೊಪ್ಪು. ದೀಪದ ಕಾವಿಗೆ ಬಾಲ ಸುರುಳಿಯಾಗಿದ್ದರೆ ಒದ್ದೆ ಬಟ್ಟೆ ಆಡಿಸಿ ರಾತ್ರಿಯಿಡೀ ಕಲ್ಲಿನ ಹಲಗೆಯಡಿ ಇಡಿ, ಬೆಳಗ್ಗೆಗೆ ನೆಟ್ಟಗಾಗಿರುತ್ತದೆ.