ಹೊಸ ನಾಟಕದ ಸ್ಟೇಜ್ಡ್ ರೀಡಿಂಗ್ ಮಾಡಿಸ್ತಿದೀರಾ? ಮೊದಲು ರಂಗಸೂಚನೆಗೆ ಕತ್ತರಿ ಹಾಕಿ

ಕ್ರಿಯೇಟಿವ್ ರೈಟಿಂಗ್ ಕೋರ್ಸಿನ ಕೊನೇ ವರ್ಷದವರು ತಾವು ಬರೆದ ನಾಟಕನ ನಟರ ಕೈಗೆ ಸ್ಕ್ರಿಪ್ಟ್ ಕೊಟ್ಟು ಜನರ ಮುಂದೆ ಓದಿಸೋದನ್ನ, ಅಂದ್ರೆ ಸ್ಟೇಜ್ಡ್ ರೀಡಿಂಗನ್ನ, ಬೇಕಾದಷ್ಟು ಸಲ ಕೂತು ಕೇಳಿದೀನಿ. ನಾಟಕ ಚೆನ್ನಾಗೇ ಇರುತ್ತೆ, ಓದು ಕೆಟ್ಟಿರುತ್ತೆ. ಯಾಕಂದ್ರೆ ಇದನ್ನ ಸೆಟ್ಟಿಲ್ಲದ ಪ್ರದರ್ಶನ ಅಂತ ತಿಳ್ಕೊಂಡಿರ್ತಾರೆ. ತಾನು ಬರೆದದ್ದು ಬೇರೆಯವರ ಬಾಯಲ್ಲಿ ಹೇಗೆ ಕೇಳ್ಸುತ್ತೆ ಅಂತ ಬರೆದವರಿಗೆ ಗೊತ್ತಾಗ್ಲಿ ಅಂತ ಮಾಡೋದು ಇದು, ಅಷ್ಟೇ.

ಹಂತ 1: ಸ್ಕ್ರಿಪ್ಟ್. ಅಕ್ಷರ 14 ಪಾಯಿಂಟ್, ಒಂದೇ ಬದಿ ಪ್ರಿಂಟ್, ಪೇಜ್ ನಂಬರ್ ಕಡ್ಡಾಯ, ರಿಂಗ್ ಫೈಲಿಗೆ ಹಾಕಿ. ಆ ಪ್ಲಾಸ್ಟಿಕ್ ಕವರ್ ಇರೋ ಫೈಲ್ ಮಾತ್ರ ತರ್ಲೇಬೇಡಿ, ಲೈಟ್ ಬಿದ್ರೆ ಹೊಳೆಯುತ್ತೆ, ಪೇಜ್ ತಿರುಗಿಸಿದಾಗೆಲ್ಲ ಪರಪರ ಸದ್ದು. ಮೊಬೈಲ್ ನೋಡ್ಕೊಂಡು ಓದೋದೂ ಬೇಡ.

ಹಂತ 2: ಪಾತ್ರ ಹಂಚೋದು. ಒಬ್ಬರೇ ಎರಡು ಪಾತ್ರ ಓದಬಹುದು, ಆದ್ರೆ ಆ ಎರಡೂ ಒಂದೇ ದೃಶ್ಯದಲ್ಲಿ ಮಾತಾಡ್ಕೋಬಾರದು. ಬರೆದವರು ಓದಲೇಬಾರದು.

ಹಂತ 3: ರಂಗಸೂಚನೆ, ಅಂದ್ರೆ ಯಾರು ಬರ್ತಾರೆ, ಏನು ಮಾಡ್ತಾರೆ ಅಂತ ಮಾತಿನ ನಡುವೆ ಬರೆದಿರೋ ಸೂಚನೆ. ಎಲ್ಲರೂ ಎಡವೋದು ಇಲ್ಲೇ. ರಂಗಸೂಚನೆ ಓದೋಕೆ ಅಂತಾನೇ ಬೇರೆ ಒಬ್ಬರು ಇರ್ತಾರಲ್ಲ, ಅವರು ಸ್ಕ್ರಿಪ್ಟಲ್ಲಿರೋದನ್ನೆಲ್ಲ ಓದ್ತಾ ಹೋದ್ರೆ ನಾಟಕ ಹೋಗಿ ಕಾದಂಬರಿ ಆಗುತ್ತೆ. 'ಅವಳ ಕಣ್ಣಲ್ಲಿ ಹತ್ತು ವರ್ಷದ ನೋವು ಮಡುಗಟ್ಟಿದೆ' ಅಂತ ಓದಿದ್ರೆ ಪಕ್ಕದಲ್ಲಿ ನಿಂತಿರೋ ಆ ಹುಡುಗಿ ಏನ್ ಮಾಡ್ಬೇಕು ಪಾಪ? ಪೆನ್ಸಿಲ್ ಹಿಡ್ಕೊಂಡು ಕೂತು ಪ್ರತಿ ಸೂಚನೆಗೂ ಒಂದೇ ಪ್ರಶ್ನೆ ಕೇಳಿ: ಇದನ್ನ ಓದದೇ ಇದ್ರೆ ಮುಂದಿನ ಮಾತು ಅರ್ಥ ಆಗುತ್ತಾ? ಅರ್ಥ ಆಗೋದಾದ್ರೆ ಹೊಡೆದುಹಾಕಿ. 'ಸಿಟ್ಟಿನಿಂದ', 'ನಗುತ್ತ' ಇವೆಲ್ಲ ಹೋಗ್ಲಿ, ಅದು ದನಿಯಲ್ಲೇ ಬರುತ್ತೆ. ಪ್ರವೇಶ, ನಿರ್ಗಮನ ಕೂಡ ಓದಬೇಕಿಲ್ಲ, ಪಾತ್ರ ಬಂದಾಗ ನಟರು ಎದ್ದು ಸ್ಕ್ರಿಪ್ಟ್ ಇಡೋ ಸ್ಟ್ಯಾಂಡ್ ಹತ್ರ ಬರ್ಲಿ, ಹೋದಾಗ ಕೂತ್ಕೊಳ್ಲಿ, ಎರಡೇ ನಿಮಿಷಕ್ಕೆ ಜನಕ್ಕೆ ಅಭ್ಯಾಸ ಆಗಿಬಿಡುತ್ತೆ. ಉಳಿಸ್ಕೋಬೇಕಾದ್ದು ಕಥೆಯಲ್ಲಿ ನಡೆದು, ಓದುವಾಗ ಕಣ್ಣಿಗೆ ಕಾಣದೇ ಹೋಗೋ ಕೆಲಸ: ಕಾಗದ ಹರೀತಾನೆ, ಕರೆಂಟ್ ಹೋಗುತ್ತೆ, ಚಾಕು ತೆಗೀತಾಳೆ.

'ಕಪಾಳಕ್ಕೆ ಹೊಡೀತಾನೆ' ಅಂತ ಓದಿದ ಮೇಲೆ ನಟರು ಮತ್ತೆ ಹೊಡೆಯೋ ಥರ ಕೈ ಎತ್ತಬಾರದು, ಎರಡೂ ಆದ್ರೆ ಜನ ನಗ್ತಾರೆ. ಓದಿ, ಒಂದು ಉಸಿರು ಬಿಟ್ಟು, ಮುಂದಿನ ಮಾತು. ಇನ್ನು 'ಮೌನ' ಅನ್ನೋದನ್ನ ಯಾವ ಕಾರಣಕ್ಕೂ ಬಾಯಿಬಿಟ್ಟು ಓದಬೇಡಿ, ಓದಿದ್ರೆ ಮೌನ ಎಲ್ಲಿ ಉಳೀತು? ಸುಮ್ನೆ ಇದ್ರೆ ಆಯ್ತು. ಸೂಚನೆ ಓದೋಕೆ ಉಳಿದುಹೋದ ಯಾರನ್ನೋ ಹಿಡ್ಕೊಂಡು ಬಂದು ಕೂರಿಸ್ತಾರೆ, ನಾನಾದ್ರೆ ಅತ್ಯಂತ ಚೆನ್ನಾಗಿ ಓದೋರನ್ನೇ ಅಲ್ಲಿ ಕೂರಿಸ್ತೀನಿ.

ಹಂತ 4: ರಿಹರ್ಸಲ್. ಟೇಬಲ್ ಸುತ್ತ ಒಂದು ಸಲ, ನಿಂತ್ಕೊಂಡು ಒಂದು ಸಲ. ಪೇಜಿಗೊಂದು ನಿಮಿಷ ಅನ್ನೋ ಲೆಕ್ಕ ನಂಬ್ಕೋಬೇಡಿ, ಗಡಿಯಾರ ಇಟ್ಟೇ ಓದಿಸಿ. ಡೈಲಾಗ್ ಬಾಯಿಪಾಠ ಮಾಡ್ಕೊಂಡು ಬರೋ ಉತ್ಸಾಹಿ ಒಬ್ಬ ಇದ್ದೇ ಇರ್ತಾನೆ, ಅವನ ಕೈಲೂ ಸ್ಕ್ರಿಪ್ಟ್ ಇರ್ಲಿ, ಇಲ್ಲಾಂದ್ರೆ ಉಳಿದವರೆಲ್ಲ ತಯಾರಿ ಇಲ್ಲದೇ ಬಂದೋರ ಥರ ಕಾಣ್ತಾರೆ.

ಹಂತ 5: ಓದಿನ ದಿನ. ಬರೆದವರು ಪಕ್ಕದ ಗೋಡೆ ಹತ್ರ, ಜನರ ಮುಖ ಕಾಣೋ ಕಡೆ ಕೂತ್ಕೊಳ್ಳಿ. ಸ್ಕ್ರಿಪ್ಟ್ ನೋಡಬೇಡಿ. ಎಲ್ಲಿ ಕೆಮ್ಮು, ಎಲ್ಲಿ ಕುರ್ಚಿ ಸದ್ದು, ಎಲ್ಲಿ ನಗು ಬರ್ಬೇಕಿತ್ತು ಬರ್ಲಿಲ್ಲ, ಅಷ್ಟು ಬರ್ಕೊಳ್ಳಿ.

ಹಂತ 6: ಮಾತುಕತೆ. 'ಅಭಿಪ್ರಾಯ ಹೇಳಿ' ಅಂತ ಮೈಕ್ ಕೊಟ್ರೆ ಯಾರೋ ಎದ್ದು ತಾವಾಗಿದ್ರೆ ಹೇಗೆ ಬರೀತಿದ್ದೆ ಅಂತ ಕಾಲು ಗಂಟೆ ಹೇಳ್ತಾರೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ಮಾಡಿಟ್ಟಿರೋ ನಾಲ್ಕು ಹಂತದ ಕ್ರಮ ಇದಕ್ಕೆ ಸರಿಯಾಗಿ ಕೂರುತ್ತೆ: ಯಾವುದು ಮನಸ್ಸಲ್ಲಿ ಉಳೀತು ಅಂತ ಜನ ಮೊದಲು ಹೇಳೋದು, ಆಮೇಲೆ ಬರೆದವರೇ ಪ್ರಶ್ನೆ ಕೇಳೋದು, ಆಮೇಲೆ ಜನ ತೀರ್ಪು ಬೆರೆಸದ ಪ್ರಶ್ನೆ ಕೇಳೋದು, ಕೊನೆಗೆ ಬರೆದವರು ಹೂಂ ಅಂದ್ರೆ ಮಾತ್ರ ಅಭಿಪ್ರಾಯ. ಇಪ್ಪತ್ತು ನಿಮಿಷಕ್ಕೆ ನಿಲ್ಸಿ.

ಹೋಗೋ ಮುಂಚೆ ನಟರ ಹತ್ರ ಇರೋ ಸ್ಕ್ರಿಪ್ಟ್ ಎಲ್ಲಾ ವಾಪಸ್ ಇಸ್ಕೊಳ್ಳಿ. ನಾಲಿಗೆ ತೊಡರಿದ ಕಡೆಯೆಲ್ಲ ಅವರು ಪೆನ್ಸಿಲ್ ಗೆರೆ ಎಳ್ಕೊಂಡಿರ್ತಾರೆ, ಮುಂದಿನ ಡ್ರಾಫ್ಟ್ ಅಲ್ಲಿಂದಲೇ ಶುರು ಮಾಡಬಹುದು.