ಒತ್ತಕ್ಷರ ಬಿಡಿಸಿ ಕಾಣುತ್ತಾ? ಮಾನಿಟರ್ ಆರಿಸುವುದು ಹೀಗೆ

ಕೊಡಗಿನ ಸೋಮವಾರಪೇಟೆ ಹತ್ತಿರ ನಮ್ಮ ಅಕ್ಕನ ಮನೆ. ಮನೆಗೆ ಒಂದೇ ಕಂಪ್ಯೂಟರ್, ಅದರ ಮುಂದೆ ಕೂರುವವರು ಮೂವರು. ಬೆಳಿಗ್ಗೆ ಅಕ್ಕ ತೋಟದ ಲೆಕ್ಕ ಬರೆಯುತ್ತಾಳೆ. ಸಂಜೆ ಅವಳ ಮಗ ಗೇಮ್ ಆಡುತ್ತಾನೆ. ಊಟ ಆದ ಮೇಲೆ ಭಾವನಿಗೆ ಸಿನಿಮಾ ಬೇಕು. ಹಳೆ ಮಾನಿಟರ್ ಈ ಸಲದ ಮಳೆಗಾಲ ದಾಟಲಿಲ್ಲ. "ಅಂಗಡಿಯವರು ಒಂದು ಹೇಳ್ತಾರೆ, ಮಗ ಇನ್ನೊಂದು ಹೇಳ್ತಾನೆ. ನೀನೇ ಹೇಳಪ್ಪ, ಯಾವುದು ತಗೊಳ್ಳಲಿ?" ಅಂತ ಅಕ್ಕ ಫೋನ್ ಮಾಡಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಗಂಟೆಗಳ ಲೆಕ್ಕ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮಾನಿಟರ್ ಮುಂದೆ ಯಾರು, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಕೂರುತ್ತಾರೆ ಅಂತ ಒಂದು ವಾರ ಬರೆದಿಡಿ. ಅಕ್ಕ ಹಾಗೆ ಬರೆದಾಗ ಅವಳಿಗೇ ಆಶ್ಚರ್ಯ ಆಯಿತು. ಗೇಮ್‌ಗೆ ದಿನಕ್ಕೆ ಒಂದೂವರೆ ಗಂಟೆ, ಸಿನಿಮಾಕ್ಕೆ ವಾರದಲ್ಲಿ ಮೂರು ರಾತ್ರಿ. ಲೆಕ್ಕಕ್ಕೆ ಮಾತ್ರ ದಿನಾ ನಾಲ್ಕು ಗಂಟೆ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದರೆ ಇನ್ನೂ ಜಾಸ್ತಿ. ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ದಿನದ ತೂಕ, ವಾರದ ಬಟವಾಡೆ. ಅವರ ತೋಟಕ್ಕೆ ಲೆಕ್ಕ ಬರೆಯುವ ಬೇರೆ ರೈಟರ್ ಇಲ್ಲ, ಎಲ್ಲ ಅವಳೇ.

ಹೆಚ್ಚು ಹೊತ್ತು ಕೂರುವವರ ಕಣ್ಣಿಗೆ ಯಾವುದು ಹಿತವೋ ಅದನ್ನು ಮೊದಲು ನೋಡಿ. ಉಳಿದವರ ಆಸೆ ಆಮೇಲೆ. ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗು ಆಗುತ್ತದೆ. ಗೇಮ್ ಆಡುವ ಮಕ್ಕಳ ಮಾತು ಕೇಳಿ ತರುತ್ತಾರೆ, ದಿನವಿಡೀ ಕೆಲಸ ಮಾಡುವವರು ಕಣ್ಣುಜ್ಜುತ್ತಾ ಕೂರುತ್ತಾರೆ.

ಅಳತೆ, ಚುಕ್ಕೆ, ಕನ್ನಡದ ಅಕ್ಷರ

ಇಂಚು ಎಷ್ಟು ಅಂತ ಮಾತ್ರ ಕೇಳಬೇಡಿ. ಆ ಇಂಚಿನೊಳಗೆ ಎಷ್ಟು ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಚುಕ್ಕೆ, ಇವೆ ಅಂತಲೂ ಕೇಳಿ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ಇದು 24 ಇಂಚಿನಲ್ಲಿ ಬಂದರೆ ಒಂದು ಇಂಚಿಗೆ ಸುಮಾರು 92 ಚುಕ್ಕೆ ಸಿಗುತ್ತವೆ. ಅದನ್ನೇ 27 ಇಂಚಿಗೆ ಎಳೆದರೆ 82ಕ್ಕೆ ಇಳಿಯುತ್ತದೆ. ಕ್ಯೂಎಚ್‌ಡಿ, ಅಂದರೆ 2560 × 1440, ಇದ್ದರೆ 27 ಇಂಚಿನಲ್ಲೂ ಇಂಚಿಗೆ ಸುಮಾರು 109 ಚುಕ್ಕೆ. 4ಕೆ, ಅಂದರೆ 3840 × 2160, ಆದರೆ 163.

ಈ ಸಂಖ್ಯೆ ನಮಗೆ ಮುಖ್ಯ, ಯಾಕೆಂದರೆ ಕನ್ನಡ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಕೆಲವೊಮ್ಮೆ ಒತ್ತಿಗೆ ಇನ್ನೊಂದು ಒತ್ತು. ಚುಕ್ಕೆ ಕಡಿಮೆ ಇದ್ದರೆ ಮೊದಲು ಕಲಸಿಹೋಗುವುದು ಆ ಒತ್ತುಗಳೇ. ನಾಲ್ಕು ವರ್ಷದ ಹಿಂದೆ ರಿಯಾಯಿತಿಯಲ್ಲಿ ಸಿಕ್ಕಿತು ಅಂತ ನಾನು 27 ಇಂಚಿನ ಫುಲ್ ಎಚ್‌ಡಿ ತಂದೆ. ಸಿನಿಮಾಕ್ಕೆ ಚೆನ್ನಾಗಿಯೇ ಇತ್ತು. ಆದರೆ ಲೇಖನ ತಿದ್ದುವಾಗ ಒತ್ತು ಸರಿ ಇದೆಯಾ ಇಲ್ಲವಾ ಅಂತ ಪ್ರತಿ ಸಲ ಮುಂದಕ್ಕೆ ಬಗ್ಗಿ ನೋಡಬೇಕಿತ್ತು. ಬೆನ್ನು ನೋವು ಶುರುವಾದ ಮೇಲೆ ಅದನ್ನು ಬದಲಾಯಿಸಿದೆ.

ಅದಕ್ಕೇ ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಒಂದು ಕನ್ನಡ ಪುಟ ಇಟ್ಟುಕೊಳ್ಳಿ. ಸ್ವಾತಂತ್ರ್ಯ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಇಂಥ ಪದಗಳನ್ನು 10 ಪಾಯಿಂಟ್‌ನಲ್ಲಿ ಟೈಪ್ ಮಾಡಿ. ಪರದೆಯಿಂದ ಒಂದು ತೋಳಿನಷ್ಟು ದೂರ ಕೂತು ಓದಿ. ಒತ್ತು ಬಿಡಿಸಿ ಕಂಡರೆ ಆ ಮಾನಿಟರ್ ಲೆಕ್ಕಕ್ಕೂ ಆಗುತ್ತದೆ, ಓದುವುದಕ್ಕೂ ಆಗುತ್ತದೆ. ಅಂಗಡಿಯಲ್ಲಿ ಯಾವಾಗಲೂ ಹಾಕಿರುವ ಹೂವು, ಜಲಪಾತದ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ. ಅದರಲ್ಲಿ ಎಲ್ಲ ಮಾನಿಟರ್ ಚೆನ್ನಾಗಿಯೇ ಕಾಣುತ್ತವೆ.

ಮಬ್ಬು ಕೋಣೆಗೆ ಯಾವ ಪ್ಯಾನಲ್?

ಪರದೆಯ ಒಳಗಿನ ಪ್ಯಾನಲ್‌ನಲ್ಲಿ ಮುಖ್ಯವಾಗಿ ಮೂರು ಬಗೆ ಈಗ ಸಿಗುತ್ತವೆ. ಐಪಿಎಸ್‌ನಲ್ಲಿ ಬಣ್ಣ ನಂಬಬಹುದು, ಪಕ್ಕದಿಂದ ನೋಡಿದರೂ ಬದಲಾಗುವುದಿಲ್ಲ. ಅದರ ಕೊರತೆ ಕಪ್ಪು ಬಣ್ಣ. ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ, ಸಾಮಾನ್ಯವಾಗಿ 1000:1ರ ಆಸುಪಾಸು, ಹಾಗಾಗಿ ಕತ್ತಲೆ ಕೋಣೆಯಲ್ಲಿ ಕಪ್ಪು ಬೂದಿಯ ಹಾಗೆ ಕಾಣುತ್ತದೆ. ವಿಎ ಪ್ಯಾನಲ್‌ನಲ್ಲಿ ಇದು 3000:1 ಅಥವಾ ಅದಕ್ಕಿಂತ ಮೇಲೆ, ಕಪ್ಪು ಕಪ್ಪಾಗಿಯೇ ಇರುತ್ತದೆ. ಆದರೆ ಕಡಿಮೆ ಬೆಲೆಯ ವಿಎಗಳಲ್ಲಿ ಕತ್ತಲೆ ದೃಶ್ಯ ವೇಗವಾಗಿ ಸರಿದರೆ ಹಿಂದೆ ಮಸಿ ಎಳೆದ ಹಾಗೆ ಆಗುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುವುದರಿಂದ ಸಿನಿಮಾಕ್ಕೂ ಗೇಮ್‌ಗೂ ಅದನ್ನು ಮೀರಿಸುವುದು ಇಲ್ಲ. ಬೆಲೆ ಜಾಸ್ತಿ. ಜೊತೆಗೆ, ದಿನಾ ನಾಲ್ಕು ಗಂಟೆ ಒಂದೇ ಎಕ್ಸೆಲ್ ಪಟ್ಟಿ ತೆರೆದಿಟ್ಟರೆ ವರ್ಷಗಳಲ್ಲಿ ಅದರ ಗುರುತು ಪರದೆಯಲ್ಲಿ ಉಳಿಯುವ ಅಪಾಯ ಇದೆ. ಅಕ್ಕನಿಗೆ ಅದು ಬೇಡ ಅಂದೆ.

ಇಲ್ಲಿ ನಮ್ಮ ಊರಿನ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನ ಮನೆಗಳಲ್ಲಿ ಮಧ್ಯಾಹ್ನವೂ ಲೈಟ್ ಹಾಕುತ್ತೇವೆ, ಅಲ್ವಾ? ಇಂಥ ಕೋಣೆಗೆ ಸಿಕ್ಕಾಪಟ್ಟೆ ಪ್ರಕಾಶಮಾನ ಪರದೆ ಬೇಕಿಲ್ಲ. 250ರಿಂದ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಸಾಕು, ಅದನ್ನೂ ತಗ್ಗಿಸಿಯೇ ಇಡುತ್ತೀರಿ. ಬದಲಿಗೆ ಕಾಂಟ್ರಾಸ್ಟ್‌ನ ವ್ಯತ್ಯಾಸ ಮಬ್ಬಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮನೆಯಲ್ಲಿ ಸಿನಿಮಾ ನೋಡುವವರೇ ಜಾಸ್ತಿ ಇದ್ದರೆ ನಾನು ವಿಎ ಕಡೆ ವಾಲುತ್ತೇನೆ. ಓದು ಬರಹ ಜಾಸ್ತಿ ಇದ್ದರೆ ಐಪಿಎಸ್.

ಗೇಮ್‌ಗೆ ಎಷ್ಟು ಹರ್ಟ್ಸ್?

ಅಕ್ಕನ ಮಗನಿಗೆ 240 ಹರ್ಟ್ಸ್, ಅಂದರೆ ಸೆಕೆಂಡಿಗೆ 240 ಸಲ ಚಿತ್ರ ಬದಲಿಸುವ ಮಾನಿಟರ್, ಬೇಕಿತ್ತು. ಅವನ ಜೊತೆ ಕೂತು ಲೆಕ್ಕ ಹಾಕಿದೆ. 60 ಹರ್ಟ್ಸ್ ಮಾನಿಟರ್ 16.7 ಮಿಲಿಸೆಕೆಂಡಿಗೆ ಒಮ್ಮೆ ಚಿತ್ರ ಬದಲಿಸುತ್ತದೆ. 144ರಲ್ಲಿ 6.9. 240ರಲ್ಲಿ 4.2. ಅಂದರೆ 60ರಿಂದ 144ಕ್ಕೆ ಹೋದರೆ ಸುಮಾರು 10 ಮಿಲಿಸೆಕೆಂಡ್ ಉಳಿಯುತ್ತದೆ. ಅಲ್ಲಿಂದ 240ಕ್ಕೆ ಹೋದರೆ ಉಳಿಯುವುದು ಮೂರಕ್ಕೂ ಕಡಿಮೆ. ಮೊದಲ ಜಿಗಿತ ಯಾರ ಕಣ್ಣಿಗೂ ಕಾಣುತ್ತದೆ. ಮೌಸ್ ಬಾಣ ಸರಿಸಿದರೂ ಸಾಕು, ಗೊತ್ತಾಗುತ್ತದೆ. ಎರಡನೆಯದು ಪಂದ್ಯಾವಳಿ ಆಡುವವರಿಗೆ.

ಮಾನಿಟರ್ 144 ಸಲ ಬದಲಿಸಲು ಸಿದ್ಧ ಇದ್ದರೂ ಕಂಪ್ಯೂಟರ್ ಅಷ್ಟು ಚಿತ್ರ ಬರೆದು ಕೊಡಬೇಕು. 4ಕೆ ಪರದೆಯಲ್ಲಿ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕೆ ಇವೆ. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು ಭಾರಿ ಗೇಮ್‌ಗಳಿಗೆ ಅದು ಸುಮ್ನೆ ಹೊರೆ. ಚಿತ್ರ ಬರುವ ವೇಗ ಏರುಪೇರಾದಾಗ ಪರದೆ ಹರಿದ ಹಾಗೆ ಕಾಣದಿರಲು ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದೆಯಾ ನೋಡಿ. ಜಿ-ಸಿಂಕ್ ಎನ್‌ವಿಡಿಯಾ ಕಂಪನಿಯದು. ಆದರೆ ಅದರ ಗ್ರಾಫಿಕ್ಸ್ ಕಾರ್ಡ್‌ಗಳು 2019ರಿಂದ ಫ್ರೀಸಿಂಕ್ ಮಾನಿಟರ್‌ಗಳ ಜೊತೆಗೂ ಹೊಂದಿಕೊಳ್ಳುತ್ತವೆ, ಹಾಗಾಗಿ ಅದಕ್ಕೆ ಅಂತ ದುಬಾರಿ ಜಿ-ಸಿಂಕ್ ಮಾನಿಟರ್ ಕೊಳ್ಳಬೇಕಿಲ್ಲ.

ಡಬ್ಬದ ಮೇಲೆ "1 ಎಂಎಸ್" (ಒಂದು ಮಿಲಿಸೆಕೆಂಡ್) ಅಂತ ದೊಡ್ಡದಾಗಿ ಇರುತ್ತದೆ. ಅದರ ಪಕ್ಕ ಎಂಪಿಆರ್‌ಟಿ ಅಂತ ಇದ್ದರೆ ಪರದೆಯ ಹಿಂದಿನ ಬೆಳಕನ್ನು ಪಟಪಟ ಆರಿಸಿ ಹೊತ್ತಿಸಿ ಬರುವ ಸಂಖ್ಯೆ ಅದು. ಆಗ ಪರದೆ ಮಂಕಾಗುತ್ತದೆ. ಜಿಟಿಜಿ ಅಂತ ಇರುವ ಸಂಖ್ಯೆಯನ್ನು ಹೋಲಿಸಿ, ಚುಕ್ಕೆ ಒಂದು ಬೂದು ಛಾಯೆಯಿಂದ ಇನ್ನೊಂದಕ್ಕೆ ಬದಲಾಗುವ ಹೊತ್ತು ಅದು.

ಇನ್ನೊಂದು ಮಾತು ಅವನಿಗೆ ಬಿಡಿಸಿ ಹೇಳಬೇಕಾಯಿತು. ಮಳೆ ಜೋರಾದಾಗ ನೆಟ್ ನಿಧಾನ ಆಗಿ ಗೇಮ್ ಅಂಟಿಕೊಳ್ಳುವುದಕ್ಕೂ ಮಾನಿಟರ್‌ಗೂ ಸಂಬಂಧ ಇಲ್ಲ. ಅದಕ್ಕೆ ಮದ್ದು ಬೇರೆ.

ಸಿನಿಮಾ, ಹಾಕಿ

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. 60ನ್ನು 24ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ, ಹಾಗಾಗಿ ಕ್ಯಾಮೆರಾ ನಿಧಾನವಾಗಿ ಸರಿಯುವ ದೃಶ್ಯದಲ್ಲಿ ಸಣ್ಣ ತಡವರಿಕೆ ಕಾಣುತ್ತದೆ. 120ಕ್ಕೆ ಐದು ಸಲ, 144ಕ್ಕೆ ಆರು ಸಲ ಸರಿಯಾಗಿ ಹೋಗುತ್ತದೆ. ಗೇಮ್‌ಗೆ ಅಂತ ಕೊಟ್ಟ ಹಣದಲ್ಲಿ ಭಾವನಿಗೂ ಒಂದು ಪಾಲು ಸಿಕ್ಕಿತು. ಹಾಕಿಯದು ಬೇರೆ ಲೆಕ್ಕ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯನ್ನು ಈಗ ಎಷ್ಟೋ ಜನ ಮನೆಯಲ್ಲೇ ಕೂತು ನೋಡುತ್ತಾರೆ. ನೇರಪ್ರಸಾರದಲ್ಲಿ ಸೆಕೆಂಡಿಗೆ 30 ಚಿತ್ರ ಬಂದರೆ ಎಷ್ಟು ಹರ್ಟ್ಸ್ ಇದ್ದರೂ 31ನೆಯದು ಬರುವುದಿಲ್ಲ.

ಭಾವ ಕೂರುವುದು ಎರಡು ಮೀಟರ್ ದೂರದ ಕುರ್ಚಿಯಲ್ಲಿ. ಅಷ್ಟು ದೂರದಿಂದ 27 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರವನ್ನು ಇನ್ನೂ ಹೆಚ್ಚಾಗಿ ತೋರಿಸುವ ಬಗೆ) ಅಂತ ಬರೆದಿದ್ದಕ್ಕೂ ಮರುಳಾಗಬೇಡಿ. 250 ನಿಟ್ಸ್ ಪರದೆ ಎಚ್‌ಡಿಆರ್ ವಿಡಿಯೋವನ್ನು ತೆಗೆದುಕೊಳ್ಳುತ್ತದೆ ಅಷ್ಟೇ, ಅದರ ಬೆಳಕನ್ನು ತೋರಿಸಲಾರದು. ಮಾನಿಟರ್ ಒಳಗಿನ ಸ್ಪೀಕರ್‌ನ ಸದ್ದು ಶೀಟಿನ ಮಾಡಿನ ಮೇಲೆ ಬೀಳುವ ಮಳೆಗೆ ಕೇಳುವುದೇ ಇಲ್ಲ. ಬೇರೆ ಸ್ಪೀಕರ್‌ಗೆ ಹಣ ತೆಗೆದಿಡಿ.

ಕೊನೆಗೆ ಅಕ್ಕನಿಗೆ ಹೇಳಿದ್ದು 27 ಇಂಚು, ಕ್ಯೂಎಚ್‌ಡಿ, ಐಪಿಎಸ್, 144 ಹರ್ಟ್ಸ್. ಹಣ ಸಾಲದಿದ್ದರೆ 24 ಇಂಚು, ಫುಲ್ ಎಚ್‌ಡಿ, ಐಪಿಎಸ್, 100 ಹರ್ಟ್ಸ್. ಸ್ಟ್ಯಾಂಡ್ ಮೇಲೆ ಕೆಳಗೆ ಸರಿಯುವಂಥದ್ದು ಇರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಬೇಕು. ಕಿಟಕಿ ಪಕ್ಕದಲ್ಲಿರಲಿ, ಎದುರಿಗೂ ಬೇಡ, ಬೆನ್ನ ಹಿಂದೆಯೂ ಬೇಡ.

ಕೇಬಲ್ ಮರೆಯಬೇಡಿ

ಹಳೆ ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಮಾತ್ರ ಹೋಗುತ್ತದೆ. 2.0ರಲ್ಲಿ 60. ಕ್ಯೂಎಚ್‌ಡಿ 144ಕ್ಕೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕುವುದು ಒಳ್ಳೆಯದು. ಜೋಡಿಸಿದ ಮೇಲೆ ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ (ಹರ್ಟ್ಸ್ ಸಂಖ್ಯೆ) ನೀವೇ ಬದಲಿಸಿ. ಎಷ್ಟೋ ಸಲ ಅದು 60ರಲ್ಲೇ ನಿಂತಿರುತ್ತದೆ.

ಮಳೆ, ಮಿಂಚು

24 ಇಂಚಿನ ಮಾನಿಟರ್ ತಿನ್ನುವುದು ಸುಮಾರು 20ರಿಂದ 25 ವ್ಯಾಟ್. ಸಣ್ಣ ಯುಪಿಎಸ್ ಇದ್ದರೂ ಲೆಕ್ಕ ಸೇವ್ ಮಾಡಿ ಕಂಪ್ಯೂಟರ್ ಆರಿಸುವಷ್ಟು ಹೊತ್ತು ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಕಂಪ್ಯೂಟರ್‌ಗೆ ಅದು ಸಾಲದು, ದೊಡ್ಡದು ಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯುಪಿಎಸ್ ನಂಬಬೇಡಿ. ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಿ, ನೆಟ್‌ನ ವೈರನ್ನೂ.

ಮಳೆಗಾಲದಲ್ಲಿ ಮಾನಿಟರನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಪ್ಲಾಸ್ಟಿಕ್ ಮುಚ್ಚಬೇಡಿ, ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಸಾಕು. ಕೆಲಸ ಇಲ್ಲದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಹಾಕಿಡಿ, ಆ ಬಿಸಿಗೆ ಒಳಗಿನ ತೇವ ಆರುತ್ತದೆ. ಬಳಸದ ಪೋರ್ಟ್‌ಗಳ ಪಿನ್‌ಗೆ ಕಿಲುಬು ಹಿಡಿದಿದೆಯಾ ಅಂತ ಆಗಾಗ ನೋಡಿ.

ಮನೆಗೆ ತಂದ ದಿನವೇ ಪರದೆ ತುಂಬ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಹಾಕಿ, ಸತ್ತ ಚುಕ್ಕೆ ಇದೆಯಾ ಹುಡುಕಿ. ಹಿಂತಿರುಗಿಸಲು ಕೆಲವೇ ದಿನ ಕೊಡುತ್ತಾರೆ. ಆಮೇಲೆ ರಿಪೇರಿ ಅಂದರೆ ಮೈಸೂರಿಗೇ ಒಯ್ಯಬೇಕಾಗಿ ಬರಬಹುದು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದಾರಿ. ಆ ದಾರಿಗೆ ಬೇಕಾಗುವುದು ಅದೇ ಡಬ್ಬ, ಅದೇ ಥರ್ಮಾಕೋಲ್. ವಾರಂಟಿ ಮುಗಿಯುವವರೆಗೆ ಎರಡನ್ನೂ ಎಸೆಯಬೇಡಿ. ಅಕ್ಕ ಅವನ್ನು ಅಡುಗೆಮನೆಯ ಅಟ್ಟದಲ್ಲಿ ಇಟ್ಟಿದ್ದಾಳೆ. ಒಲೆಯ ಬಿಸಿಗೆ ರಟ್ಟು ಬೂಷ್ಟು ಹಿಡಿಯುವುದಿಲ್ಲ.