ಬೆಕ್ಕು ಜೀವ ಇರೋ ಬೇಟೆ ಮನೆಗೆ ತಂದರೆ

ನಮ್ಮ ಮಲೆನಾಡಿನಲ್ಲಿ ಬೆಕ್ಕಿಲ್ಲದ ಮನೆ ಕಡಿಮೆ. ನಾನೂ 40 ವರ್ಷದಿಂದ ಬೆಕ್ಕು ಸಾಕುತ್ತಿದ್ದೇನೆ. ಇಲಿ, ಸುಂಡಿಲಿ, ಓತಿಕ್ಯಾತ, ಕಪ್ಪೆ, ಅಳಿಲು, ಹಕ್ಕಿಮರಿ, ಎಲ್ಲವನ್ನೂ ಜೀವಂತ ತಂದು ಜಗಲಿಯಲ್ಲಿ ಬಿಟ್ಟಿವೆ.

ಇಂಥ ಹೊತ್ತಲ್ಲಿ ಕೂಗಾಡಬೇಡಿ, ಬೆಕ್ಕನ್ನು ಅಟ್ಟಿಸಿಕೊಂಡು ಹೋಗಬೇಡಿ. ಅಟ್ಟಿಸಿದರೆ ಅದು ಬೇಟೆಯನ್ನು ಇನ್ನೂ ಬಿಗಿಯಾಗಿ ಕಚ್ಚಿ ಮಂಚದಡಿ ಸೇರುತ್ತದೆ. ಒಳಕೋಣೆಗಳ ಬಾಗಿಲು ಹಾಕಿ, ಹಿತ್ತಿಲ ಬಾಗಿಲು ತೆಗೆದಿಡಿ. ದಿನಾ ಊಟ ಹಾಕುವ ತಟ್ಟೆಯನ್ನು ಟಣ್ ಎನಿಸಿ. ಬಾಯಿ ಬಿಟ್ಟಿತೋ, ಬೆಕ್ಕನ್ನೆತ್ತಿ ಬಚ್ಚಲಲ್ಲಿ ಕೂಡಿಹಾಕಿ. ಮೊದಲು ಬೆಕ್ಕು, ಆಮೇಲೆ ಬೇಟೆ. ಬೆಕ್ಕಿಗೆ ಹೊಡೆಯಬೇಡಿ. ತಾಯಿಬೆಕ್ಕು ಮರಿಗಳಿಗೆ ಬೇಟೆ ಕಲಿಸೋದೇ ಹೀಗೆ, ಅರೆಜೀವದ ಇಲಿ ತಂದು. ಹುಟ್ಟುಗುಣಕ್ಕೆ ಬೈದು ಏನು ಪ್ರಯೋಜನ?

ಇಲಿ ಯಾವಾಗಲೂ ಗೋಡೆ ಮಗ್ಗುಲಲ್ಲೇ ಓಡುತ್ತದೆ. ಎರಡು ಅಡಿ ಉದ್ದದ ಪೈಪಿನ ತುಂಡನ್ನು ಗೋಡೆಗೆ ಒತ್ತಿಡಿ. ಒಳಗೆ ಹೊಕ್ಕ ಕೂಡಲೇ ಎರಡೂ ಬಾಯಿಗೆ ಬಟ್ಟೆ ತುರುಕಿ ಹೊರಗೆ ಒಯ್ಯಿರಿ. ಇಲಿ ಪಾಷಾಣ ಮಾತ್ರ ಇಡಬೇಡಿ, ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು. ಸುಂಡಿಲಿಯನ್ನು ಬೆಕ್ಕು ಹಿಡಿಯುತ್ತದೆ, ನಾತಕ್ಕೆ ತಿನ್ನುವುದು ಕಡಿಮೆ. ಬಾಗಿಲು ತೆಗೆದಿಟ್ಟರೆ ತಾನೇ ಹೋಗುತ್ತದೆ. ಹಾವರಾಣಿಗೆ ವಿಷ ಅಂತ ಹೆದರುವವರು ಜಾಸ್ತಿ. ಅದಕ್ಕೆ ವಿಷವೇ ಇಲ್ಲ, ಅಡಿಕೆ ಹಾಳೆಯಲ್ಲಿ ತಳ್ಳಿ ತೋಟಕ್ಕೆ ಬಿಡಿ. ಹಾವು ಎಷ್ಟೇ ಚಿಕ್ಕದಿರಲಿ, ಕೈ ಹಾಕಬೇಡಿ. ಕಟ್ಟುಹಾವಿನ ಮರಿಯೂ ವಿಷದ್ದೇ. ದೂರ ನಿಂತು ಕಣ್ಣಿಟ್ಟಿರಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಹಕ್ಕಿಯ ವಿಷಯ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಒಮ್ಮೆ ಪಿಕಳಾರದ ಮರಿಯೊಂದನ್ನು ಬೆಕ್ಕಿನ ಬಾಯಿಂದ ಬಿಡಿಸಿದೆ. ರಕ್ತ ಇಲ್ಲ, ಗಾಯ ಇಲ್ಲ, ಅಂಗೈಯಲ್ಲಿ ಅದರ ಎದೆ ಡವಡವ ಅನ್ನುತ್ತಿತ್ತು. ಬದುಕಿತು ಅಂದುಕೊಂಡು ದಾಸವಾಳದ ಗಿಡದಲ್ಲಿ ಕೂರಿಸಿದೆ. ಬೆಳಿಗ್ಗೆ ನೋಡಿದರೆ ಗಿಡದ ಬುಡದಲ್ಲಿ ಸೆಟೆದು ಬಿದ್ದಿತ್ತು. ಬೆಕ್ಕಿನ ಹಲ್ಲು ಸೂಜಿಯಂತೆ ಚುಚ್ಚುತ್ತದೆ, ತೂತು ಗರಿಯಡಿ ಕಾಣೋದಿಲ್ಲ, ಬಾಯಲ್ಲಿರುವ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಹಕ್ಕಿಯನ್ನು ಕೊಲ್ಲುತ್ತದೆ ಅಂತ ಆಮೇಲೆ ಪಶುವೈದ್ಯರು ಹೇಳಿದರು. ಹಾಗಾಗಿ ಗಾಯ ಕಾಣದಿದ್ದರೂ ಬಿಟ್ಟುಬಿಡಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಳೇ ಬಟ್ಟೆ ಹಾಸಿ, ಹಕ್ಕಿ ಇಟ್ಟು ಮುಚ್ಚಿ, ಕತ್ತಲೆಯಲ್ಲಿಡಿ. ಬಾಯಿಗೆ ನೀರು ಹನಿಸಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಅವತ್ತೇ ವೈದ್ಯರಿಗೆ ತೋರಿಸಿ.

ಈ ಗಲಾಟೆಯಲ್ಲಿ ನಿಮ್ಮನ್ನು ಕಚ್ಚಿದರೆ, ಅದು ಅಳಿಲೇ ಇರಲಿ ಬೆಕ್ಕೇ ಇರಲಿ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಬೆಕ್ಕಿಗೆ ವರ್ಷ ವರ್ಷ ರೇಬೀಸ್ ಲಸಿಕೆ ತಪ್ಪಿಸಬೇಡಿ. ಇಲಿ ಓಡಾಡಿದ ಜಾಗವನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ಒರೆಸಿ, ಇಲಿ ಜ್ವರ ಹರಡುವುದು ಅದರ ಮೂತ್ರದಿಂದ.

ಬೇಟೆ ಕಡಿಮೆಯಾಗಲಿ ಅಂತ ನಾನು ಬೆಕ್ಕಿನ ಕೊರಳಿಗೆ ಗೆಜ್ಜೆ ಕಟ್ಟಿದ್ದೆ, ಏನೂ ಉಪಯೋಗ ಆಗಲಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಗಂಟೆಯಿಂದ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಾಂಸದ ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ ಶೇ. 36ರಷ್ಟು, ದಿನಾ 5ರಿಂದ 10 ನಿಮಿಷ ಆಡಿಸಿದಾಗ ಶೇ. 25ರಷ್ಟು ಇಳಿಯಿತಂತೆ. ಬರೀ ಹಾಲನ್ನ ಹಾಕಿದರೆ ಬೆಕ್ಕಿಗೆ ಸಾಲದು, ಮೊಟ್ಟೆಯೋ ಮೀನೋ ಬೇಕು. ದಾರಕ್ಕೆ ಕೋಳಿಪುಕ್ಕ ಕಟ್ಟಿ ಸಂಜೆ ಹೊತ್ತು ಆಡಿಸಿ, ಊಟ ಹಾಕಿ, ಕತ್ತಲಾಗುವ ಮೊದಲೇ ಬಾಗಿಲು ಹಾಕಿ.

ಮಳೆ ಹಿಡಿಯುವ ಮುಂಚೆ ಮರಿಗಳು ಗೂಡಿನಿಂದ ಇಳಿದು ಗಿಡದ ಬುಡದಲ್ಲಿ ತಡಬಡಾಯಿಸುವ ದಿನಗಳು ಬರುತ್ತವೆ. ಆಗ ಹಗಲಲ್ಲೂ ನಮ್ಮ ಬೆಕ್ಕು ಹೊರಗೆ ಕಾಲಿಡುವಂತಿಲ್ಲ. ಕಿಟಕಿಯಲ್ಲಿ ಕೂತು ಒಂದೇ ಸಮ ಕೂಗುತ್ತದೆ. ಕೂಗಲಿ, ಹದಿನೈದು ದಿನ ತಾನೇ.